ಒಳಗೆ ಖಾಲಿ, ಹೊರಗೆ ಫುಲ್!

ಹೋದ ತಿಂಗಳು ನನ್ನ ಲ್ಯಾಪ್‌ಟಾಪ್ ‘ಜಾಗ ಇಲ್ಲ’ ಅಂತ ಹಟ ಹಿಡೀತು. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ಉಳಿದಿದ್ದು 2 ಜಿಬಿ. ಮೊದಲು ಕಣ್ಣು ಬಿದ್ದಿದ್ದು ಅಪ್ಪನ ಅರವತ್ತರ ಶಾಂತಿಯ ವಿಡಿಯೋಗಳ ಮೇಲೆ, 18 ಜಿಬಿ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇದೆಯಲ್ಲ, ಅಳಿಸೋಣ ಅಂದುಕೊಂಡೆ. ಅಪ್ಪ ಈಗಿಲ್ಲ. ಅಮ್ಮ ಸುಮ್ಮನೆ, “ಮೊದಲು ನಿನ್ನ ಆಫೀಸಿನ ಕಸ ಎಷ್ಟಿದೆ ನೋಡೋ” ಅಂದ್ರು.

ನೋಡಿದೆ. ಕಸ ನನ್ನದೇ! ಕೆಲಸಕ್ಕೆ ಅಂತ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಹಾಕಿಕೊಂಡಿದ್ದೆ, ಅಂದ್ರೆ ಲ್ಯಾಪ್‌ಟಾಪ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್. ಅದರ ಇಡೀ ಡಿಸ್ಕ್ ಹೊರಗಿನಿಂದ ನೋಡಿದರೆ ಒಂದು ವಿಡಿಐ ಫೈಲ್ ಅಷ್ಟೇ. ಆ ಒಂದೇ ಫೈಲ್ 94 ಜಿಬಿ ನುಂಗಿ ಕೂತಿತ್ತು.

ಉಬುಂಟು ಒಳಗೆ ಹೋಗಿ ‘ಡಿಯು’ ಕಮಾಂಡ್‌ನಿಂದ ಫೋಲ್ಡರ್ ಫೋಲ್ಡರ್ ಅಳೆದೆ. ಹಳೇ ಡಾಕರ್ ಇಮೇಜ್‌ಗಳು 38 ಜಿಬಿ, ಒಂದು ಲಾಗ್ ಫೈಲ್ 22 ಜಿಬಿ. ಡಾಕರ್‌ಗೆ ‘ಪ್ರೂನ್’ ಕೊಟ್ಟೆ. (ಅದರಲ್ಲಿ ವಾಲ್ಯೂಮ್ಸ್ ಆಯ್ಕೆ ಮಾತ್ರ ಕಣ್ಣು ಮುಚ್ಚಿ ಸೇರಿಸಬೇಡಿ, ಡೇಟಾಬೇಸ್ ಅಲ್ಲೇ ಇರಬಹುದು.) ಲಾಗ್ ಅಳಿಸಿದೆ. ಆದ್ರೆ ‘ಡಿಎಫ್’ ತೋರಿಸೋ ಲೆಕ್ಕದಲ್ಲಿ ಆ 22 ಜಿಬಿ ಹಾಗೇ ಇದೆ! ಕಾರಣ, ಫೈಲ್ ಅಳಿಸಿದಾಗ ಲಿನಕ್ಸ್ ತೆಗೆಯೋದು ಹೆಸರನ್ನು ಮಾತ್ರ. ಯಾವುದಾದ್ರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ರೆ ಜಾಗ ಬಿಡುಗಡೆ ಆಗಲ್ಲ. ಹಿಡಿದುಕೊಂಡವರು ಯಾರು ಅಂತ ‘ಎಲ್‌ಎಸ್‌ಓಎಫ್’ ಹೇಳುತ್ತೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ್ಮೇಲೆ ಬಳಕೆ 28 ಜಿಬಿಗೆ ಇಳೀತು.

ಖುಷಿಯಿಂದ ಹೊರಗೆ ಬಂದು ನೋಡಿದ್ರೆ ವಿಡಿಐ ಇನ್ನೂ 94!

ಬೇಕಾದಂತೆ ಬೆಳೆಯುವ ಡಿಸ್ಕ್ ತಾನಾಗಿ ಕುಗ್ಗಲ್ಲ. ಬಾಡಿಗೆದಾರ ಮನೆ ಖಾಲಿ ಮಾಡಿದ್ದಾನೆ, ಬೀಗದ ಕೈ ಮಾತ್ರ ಓನರ್‌ಗೆ ಕೊಟ್ಟಿಲ್ಲ, ಅಂಥ ಕಥೆ. ಲಿನಕ್ಸ್ ‘ಈ ಜಾಗ ಖಾಲಿ’ ಅಂತ ತನ್ನ ಪುಸ್ತಕದಲ್ಲಿ ಬರ್ಕೊಳ್ಳುತ್ತೆ, ಹಳೇ ಡೇಟಾ ಅಲ್ಲೇ ಬಿದ್ದಿರುತ್ತೆ. ಸಾಮಾನ್ಯವಾಗಿ ಅದನ್ನು ಸೊನ್ನೆಯಿಂದ ತುಂಬಿಸಿದ್ರೆ ಮಾತ್ರ ವರ್ಚುವಲ್‌ಬಾಕ್ಸ್‌ಗೆ ಖಾಲಿ ಅಂತ ಗೊತ್ತಾಗೋದು.

ಇದಕ್ಕೆ ಅನೇಕರು ‘ಡಿಡಿ’ ಕಮಾಂಡ್‌ನಿಂದ ಸೊನ್ನೆ ತುಂಬಿಸಿ ಅಂತಾರೆ. ನನ್ನ ಸ್ಥಿತಿಯಲ್ಲಿ ಅದನ್ನು ಮಾಡಿದ್ರೆ ಗ್ರಹಚಾರ. ವಿಡಿಐ ತನ್ನ ಗರಿಷ್ಠ 120 ಜಿಬಿವರೆಗೂ ಉಬ್ಬೋಕೆ ಹೋಗಬಹುದು, ಹೊರಗೆ ಇರೋದು 2 ಜಿಬಿ. ಹಾಗಾಗಿ ‘ಝೀರೋಫ್ರೀ’ ಬಳಸಿದೆ. ಅದು ಹಳೇ ಡೇಟಾ ಉಳಿದಿರೋ ಖಾಲಿ ಜಾಗವನ್ನಷ್ಟೇ ಒರೆಸುತ್ತೆ, ಫೈಲ್ ಉಬ್ಬಲ್ಲ. ಲೈವ್ ಐಎಸ್‌ಓದಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಆಗದೇ ಇರುವಾಗ ಓಡಿಸಬೇಕು. ಕೋಡ್ ಎಲ್ಲ ಮೊದಲೇ ಗಿಟ್‌ಗೆ ಪುಶ್ ಮಾಡಿದ್ದರಿಂದ ಧೈರ್ಯ ಇತ್ತು. ಆಮೇಲೆ ಮಷೀನ್ ಆಫ್ ಮಾಡಿ, ‘ಮಾಡಿಫೈಮೀಡಿಯಂ’ ಕಮಾಂಡ್‌ಗೆ ‘ಕಾಂಪ್ಯಾಕ್ಟ್’ ಆಯ್ಕೆ ಕೊಟ್ಟೆ. ಹಳೇ ಸ್ನ್ಯಾಪ್‌ಶಾಟ್‌ಗಳು ಕೂತಿದ್ರೆ ಇದರಿಂದ ಹೆಚ್ಚು ಲಾಭ ಇಲ್ಲ, ನನ್ನ ಹತ್ರ ಇರಲಿಲ್ಲ.

ಕಾಫಿ ಕುಡಿದು ಬರೋ ಹೊತ್ತಿಗೆ 94 ಇದ್ದದ್ದು 30.

ಮೊನ್ನೆ ಅಮ್ಮನಿಗೆ ತೋರಿಸೋಣ ಅಂತ ಆ ಪೆನ್‌ಡ್ರೈವ್ ಟಿವಿಗೆ ಹಾಕಿದೆ. ಓಪನ್ ಆಗಲಿಲ್ಲ. ಲ್ಯಾಪ್‌ಟಾಪ್‌ಗೆ ಹಾಕಿದೆ, ಅಲ್ಲೂ ಇಲ್ಲ. ಕೊನೆಗೆ ಲ್ಯಾಪ್‌ಟಾಪ್‌ನಲ್ಲೇ ಉಳಿದಿದ್ದ ವಿಡಿಯೋ ಹಚ್ಚಿ ಇಬ್ಬರೂ ನೋಡಿದ್ವಿ.