ರಿಲೇ ಎಳೆಯೋ ಟ್ರಾನ್ಸಿಸ್ಟರ್‌ಗೆ ಎಷ್ಟು ಓಮ್?

ಪ್ರಾಜೆಕ್ಟ್ ಸಮಯ ಬಂತೆಂದರೆ ಲ್ಯಾಬ್ ತುಂಬಾ ರಿಲೇಗಳದ್ದೇ ಸದ್ದು. ತೋಟಕ್ಕೆ ನೀರು ಬಿಡುವ ಮಾಡೆಲ್ ಇರಲಿ, ರೂಮಿನ ಲೈಟ್ ಹಚ್ಚುವ ಮಾಡೆಲ್ ಇರಲಿ, ಕೊನೆಗೆ ಒಂದು ಟ್ರಾನ್ಸಿಸ್ಟರ್ ರಿಲೇಯನ್ನು ಎಳೆಯಲೇಬೇಕು. ಅದರ ಬೇಸ್‌ಗೆ ಎಷ್ಟು ಓಮ್ ಅಂತ ಕೇಳಿದರೆ "1 ಕೆ ಹಾಕು, ಇಲ್ಲಾಂದ್ರೆ 10 ಕೆ, ಎರಡೂ ನಡೆಯುತ್ತೆ" ಅನ್ನೋರೇ ಜಾಸ್ತಿ. ನಿಜವಾಗ್ಲೂ ನಡೆಯುತ್ತಾ? ಲೆಕ್ಕ ಹಾಕಿ ನೋಡೋಣ.

ಆರ್ಡುಯಿನೋ ಊನೋ ಬೋರ್ಡ್, 5 ವೋಲ್ಟ್ ರಿಲೇ, ಬಿ.ಸಿ. 547 ಟ್ರಾನ್ಸಿಸ್ಟರ್ ತಗೊಳ್ಳಿ. ರಿಲೇ ಕಾಯಿಲ್ ಸುಮಾರು 70 ಓಮ್. 5 ಅನ್ನು 70ರಿಂದ ಭಾಗಿಸಿದರೆ 71 ಮಿಲಿ ಆಂಪ್. ಪಿನ್ ಇಷ್ಟು ಕೊಡಲಾರದು, ಅದರ ಗರಿಷ್ಠ ಮಿತಿಯೇ 40. ಅದಕ್ಕೇ ನಡುವೆ ಟ್ರಾನ್ಸಿಸ್ಟರ್.

ಈಗ 10 ಕೆ ಹಾಕಿದಿರಿ ಅಂದುಕೊಳ್ಳಿ. ಬೇಸ್-ಎಮಿಟರ್ ನಡುವೆ 0.7 ವೋಲ್ಟ್ ಹೋದರೆ ಉಳಿದದ್ದು 4.3. ಬೇಸ್‌ಗೆ ಸಿಗೋದು ಬರೀ 0.43 ಮಿಲಿ ಆಂಪ್. ಬಿ.ಸಿ. 547ರ ಗೇನ್ 110ರಿಂದ 800ರವರೆಗೆ ಎಷ್ಟಾದರೂ ಇರಬಹುದು. ನಿಮ್ಮ ಕೈಗೆ 450 ಗೇನ್‌ನದು ಸಿಕ್ಕಿದರೆ ರಿಲೇ 'ಟಕ್' ಅನ್ನುತ್ತೆ, ನೀವೂ ಖುಷಿ. ಆದರೆ 110ರದ್ದು ಸಿಕ್ಕಿದರೆ? ಹರಿಯೋದು 47 ಮಿಲಿ ಆಂಪ್, ಕಾಯಿಲ್‌ಗೆ ಸಿಗೋದು 3.3 ವೋಲ್ಟ್. ಇಂಥ ರಿಲೇಗೆ ಖಚಿತವಾಗಿ ಎಳೆಯಲು 3.75 ವೋಲ್ಟ್ ಬೇಕು. ಸಾಲದ್ದಕ್ಕೆ ಆ 110 ಅನ್ನೋದು 2 ಮಿಲಿ ಆಂಪ್‌ನಲ್ಲಿ ಅಳೆದದ್ದು, ಕರೆಂಟ್ ಹೆಚ್ಚಿದಂತೆ ಗೇನ್ ಇನ್ನೂ ಇಳಿಯುತ್ತೆ. ಸರ್ಕ್ಯೂಟ್ ಅದೇ, ಟ್ರಾನ್ಸಿಸ್ಟರ್ ನಂಬರೂ ಅದೇ. ಆದರೂ ನಿನ್ನೆ ನಡೆದದ್ದು, ಟ್ರಾನ್ಸಿಸ್ಟರ್ ಬದಲಿಸಿದ ಮೇಲೆ ಇವತ್ತು ಎಕ್ಸಾಮಿನರ್ ಮುಂದೆ ನಡೆಯಲ್ಲ.

ಹಾಗಾಗಿ ಸ್ವಿಚ್ ಕೆಲಸಕ್ಕೆ ಗೇನ್ ನಂಬಬೇಡಿ. ನಲ್ಲಿಯನ್ನು ಅರ್ಧ ತಿರುಗಿಸಿ ಬಿಡುವ ಬದಲು ಪೂರ್ತಿ ತೆರೆದುಬಿಡಿ. ಇದಕ್ಕೇ ಸ್ಯಾಚುರೇಶನ್ ಅನ್ನೋದು. ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗದಿಂದ ಇಪ್ಪತ್ತನೇ ಒಂದು ಭಾಗದಷ್ಟು ಬೇಸ್‌ಗೆ ಕೊಟ್ಟರೆ ಯಾವ ಬಿ.ಸಿ. 547 ಬಂದರೂ ಚಿಂತೆಯಿಲ್ಲ. ಹತ್ತು ಜನರ ಊಟಕ್ಕೆ ಹನ್ನೆರಡು ಜನರ ಅಕ್ಕಿ ಇಟ್ಟ ಹಾಗೆ.

71ರ ಹತ್ತನೇ ಒಂದು ಭಾಗ 7.1 ಮಿಲಿ ಆಂಪ್. 4.3 ವೋಲ್ಟನ್ನು ಇದರಿಂದ ಭಾಗಿಸಿದರೆ ಸುಮಾರು 600 ಓಮ್. ಅಂಗಡಿಯಲ್ಲಿ ಸಿಗೋದು 560 ಅಥವಾ 680, ಎರಡೂ ಆಗುತ್ತೆ. 1 ಕೆ ಹಾಕಿದರೆ 4.3 ಮಿಲಿ ಆಂಪ್, ಅಂದರೆ ಹದಿನೇಳನೇ ಒಂದು ಭಾಗ. ಅದೂ ಸಾಕು. 1 ಕೆ ಯಾಕೆ ಇಷ್ಟು ಜನಪ್ರಿಯ ಅಂತ ಈಗ ಗೊತ್ತಾಯ್ತಲ್ಲ?

ಇಎಸ್‌ಪಿ 32 ಆದರೆ ಲೆಕ್ಕ ಬೇರೆ. ಅದರ ಪಿನ್ 3.3 ವೋಲ್ಟ್, ಉಳಿಯೋದು 2.6 ಮಾತ್ರ. 1 ಕೆ ಹಾಕಿದರೆ 2.6 ಮಿಲಿ ಆಂಪ್, ಇಪ್ಪತ್ತೇಳನೇ ಒಂದು ಭಾಗಕ್ಕೆ ಇಳಿಯಿತು. ಇಲ್ಲಿ 560 ಹಾಕಿ, 4.6 ಸಿಗುತ್ತೆ.

ರೆಸಿಸ್ಟರೇ ಬೇಡ, ನೇರ ಕೊಡೋಣ ಅಂದ್ರೆ? ಬೇಸ್-ಎಮಿಟರ್ ಅನ್ನೋದು ಒಂದು ಡಯೋಡ್. ಕರೆಂಟಿಗೆ ತಡೆಯೇ ಇರಲ್ಲ, ಪಿನ್ ಸುಟ್ಟರೂ ಸುಟ್ಟೀತು.

ಇನ್ನೆರಡು ಮಾತು. ಬಿ.ಸಿ. 547ರ ಮಿತಿ 100 ಮಿಲಿ ಆಂಪ್. ಅದಕ್ಕಿಂತ ದೊಡ್ಡ ರಿಲೇ ಆದರೆ 2ಎನ್2222 ತಗೊಳ್ಳಿ. ಕಾಯಿಲ್‌ಗೆ ಅಡ್ಡಲಾಗಿ, ಗೆರೆ ಇರುವ ತುದಿ ಪ್ಲಸ್ ಕಡೆಗೆ ಬರುವಂತೆ, 1ಎನ್4007 ಡಯೋಡ್ ಹಾಕೋದನ್ನು ಮರೆಯಬೇಡಿ. ಇಲ್ಲದಿದ್ದರೆ ರಿಲೇ ಆಫ್ ಆದಾಗ ಏಳುವ ವೋಲ್ಟೇಜ್ ಟ್ರಾನ್ಸಿಸ್ಟರನ್ನೇ ತಿಂದುಹಾಕುತ್ತೆ. ಮುಂದಿನ ಸಲ ಯಾರಾದರೂ "10 ಕೆ ಹಾಕು" ಅಂದರೆ, ಮೊದಲು ಕಾಯಿಲ್ ಎಷ್ಟು ಓಮ್ ಅಂತ ಕೇಳಿ.