ಸವಣೂರಿನ ನವಾಬರು ಮತ್ತು ನೆರೆಯ ಮರಾಠರು

ಸವಣೂರು ಎಂದೊಡನೆ ನಿಮಗೇನು ನೆನಪಾಗುತ್ತದೆ? ವೀಳ್ಯದೆಲೆ, ಖಾರಾ ಅಲ್ಲವೇ? ಈ ಊರು ಸುಮಾರು ಎರಡೂವರೆ ಶತಮಾನ ಕಾಲ ಒಂದು ಮುಸ್ಲಿಂ ಸಂಸ್ಥಾನದ ಹೆಸರಾಗಿತ್ತು ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಸವಣೂರು ಇರುವುದು ಹಾವೇರಿ ಜಿಲ್ಲೆಯಲ್ಲಿ. ಆದರೆ ಅದರ ಕಥೆಯ ಬೇರು ಇರುವುದು ವಿಜಯಪುರದಲ್ಲಿ. ಬಬಲೇಶ್ವರದ ಕಡೆಯ ಕಾಖಂಡಕಿಯನ್ನೇ ನೋಡಿ. ಅಲ್ಲಿನ ಮಹಿಪತಿದಾಸರು ದಾಸರಾಗುವ ಮೊದಲು ಆದಿಲ್‌ಶಾಹಿ ದರ್ಬಾರಿನಲ್ಲಿ ಅಧಿಕಾರಿಯಾಗಿದ್ದವರು. ಆ ದರ್ಬಾರು 1686ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಔರಂಗಜೇಬರ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರಿಂದ ಕೋಟೆಯೊಳಗೆ ಅನ್ನಕ್ಕೂ ಮೇವಿಗೂ ಗತಿಯಿರಲಿಲ್ಲ. ಶರಣಾಗತಿಯ ಮಾತುಕತೆಗೆ ಮುಂದಾದ ಸರದಾರರಲ್ಲಿ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನ್ ಒಬ್ಬರು. ಮೊಘಲರು ಅವರಿಗೆ ದಿಲೇರ್ ಖಾನ್ ಎಂಬ ಬಿರುದನ್ನೂ ಬಂಕಾಪುರ, ಸವಣೂರು ಸೀಮೆಯ ಜಹಗೀರನ್ನೂ ಕೊಟ್ಟರು. ಅವರೇ ಸವಣೂರು ನವಾಬರ ಮೂಲಪುರುಷರು.

ಮೊಘಲರ ಶಕ್ತಿ ಕುಂದಿದಾಗ ಈ ಪುಟ್ಟ ರಾಜ್ಯದ ಪಕ್ಕದಲ್ಲಿ ಮರಾಠರು ಬೆಳೆದರು. ಮರಾಠರದ್ದು ಒಬ್ಬನೇ ಅರಸನ ರಾಜ್ಯವಲ್ಲ, ಒಂದು ಒಕ್ಕೂಟ. ಪುಣೆಯಲ್ಲಿ ಪೇಶ್ವೆ, ಉತ್ತರದಲ್ಲಿ ಹೋಳ್ಕರ್, ಶಿಂಧೆ, ನಮ್ಮ ಕಡೆ ಪಟವರ್ಧನರು. ಒಬ್ಬರೊಡನೆ ಸಂಧಿ ಮಾಡಿಕೊಂಡರೆ ಇನ್ನೊಬ್ಬರು ಸುಮ್ಮನಿರುತ್ತಾರೆಂಬ ಭರವಸೆಯಿರಲಿಲ್ಲ. 1747ರಲ್ಲಿ ನವಾಬ ಅಬ್ದುಲ್ ಮಜೀದ್ ಖಾನರು ತಮ್ಮ ರಾಜ್ಯದ ದೊಡ್ಡ ಭಾಗವನ್ನೇ ಪೇಶ್ವೆಗೆ ಬಿಟ್ಟುಕೊಡಬೇಕಾಯಿತು.

ಅವರ ನಂತರ ಬಂದ ಅಬ್ದುಲ್ ಹಕೀಮ್ ಖಾನರ ಕಾಲವೇ ಈ ಕಥೆಯ ಜೀವಾಳ. ಪೇಶ್ವೆಯ ಫಿರಂಗಿ ದಳದ ಸರದಾರ ಮುಜಫ್ಫರ್ ಖಾನ್ ಜಗಳವಾಡಿ ಬಂದು ಸವಣೂರಿನಲ್ಲಿ ಆಶ್ರಯ ಕೇಳಿದ. ಅವನನ್ನು ಒಪ್ಪಿಸಿರೆಂದು ಪೇಶ್ವೆ ಕೇಳಿದಾಗ ನವಾಬರು ಒಪ್ಪಲಿಲ್ಲ. 1756ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾವ್, ಜೊತೆಗೆ ಹೈದರಾಬಾದಿನ ನಿಜಾಮ, ನಿಜಾಮನ ಬಳಿಯಿದ್ದ ಫ್ರೆಂಚ್ ಸೇನಾನಿ ಬುಸ್ಸಿ ಎಲ್ಲರೂ ಸೇರಿ ಸವಣೂರನ್ನು ಮುತ್ತಿದರು. ನವಾಬರ ಪರವಾಗಿ ನಿಂತವರು ಯಾರೆಂದುಕೊಂಡಿರಿ? ಗುತ್ತಿಯ ಮುರಾರಿರಾವ್ ಘೋರ್ಪಡೆ, ಅವರೂ ಮರಾಠರೇ! ಈ ಯುದ್ಧಗಳನ್ನು ಹಿಂದೂ-ಮುಸ್ಲಿಂ ಎಂದು ಗೆರೆ ಎಳೆದು ಹೇಳುವವರು ಸವಣೂರಿನ ಮುತ್ತಿಗೆಯನ್ನು ಒಮ್ಮೆ ಓದಲಿ. ಬುಸ್ಸಿಯ ಫಿರಂಗಿಗಳ ಮುಂದೆ ಊರು ನಿಲ್ಲಲಿಲ್ಲ. ಹುಬ್ಬಳ್ಳಿ, ಕುಂದಗೋಳ, ಮಿಶ್ರಿಕೋಟೆ ಕೈಬಿಟ್ಟವು.

ಇನ್ನೊಂದು ಕಡೆಯಿಂದ ಹೈದರ್ ಅಲಿ ಬಂದರು. 1764ರಲ್ಲಿ ಅವರೂ ನವಾಬರನ್ನು ಸೋಲಿಸಿದರು. ಹದಿನೈದು ವರ್ಷಗಳ ನಂತರ, 1779ರಲ್ಲಿ, ಅದೇ ಹೈದರ್ ಬೀಗರಾದರು. ಹೈದರ್ ಅವರ ಮಗಳನ್ನು ನವಾಬರ ಹಿರಿಯ ಮಗನಿಗೂ, ನವಾಬರ ಮಗಳನ್ನು ಹೈದರ್ ಅವರ ಕಿರಿಯ ಮಗ ಕರೀಮ್‌ಗೂ ಕೊಟ್ಟು ನಿಕಾಹ್ ಮಾಡಿಸಲಾಯಿತು. ಒಬ್ಬಳು ಶ್ರೀರಂಗಪಟ್ಟಣದ ಅರಮನೆಯಿಂದ, ಇನ್ನೊಬ್ಬಳು ಸವಣೂರಿನಿಂದ ಹೊರಟಳು. ಕಪ್ಪದಲ್ಲಿ ರಿಯಾಯಿತಿ ಸಿಕ್ಕಿತು. ಬದಲಿಗೆ ನವಾಬರು ಎರಡು ಸಾವಿರ ಕುದುರೆ ಸವಾರರನ್ನು ಮೈಸೂರಿನ ಸೇವೆಗೆ ಕೊಡಬೇಕಿತ್ತು. ಇತಿಹಾಸಕಾರರು ಕುದುರೆಗಳ ಲೆಕ್ಕವನ್ನು ಬರೆದಿಟ್ಟರು. ಆ ಇಬ್ಬರು ವಧುಗಳನ್ನು ಮಾತ್ರ 'ಹೈದರ್ ಮಗಳು', 'ನವಾಬರ ಮಗಳು' ಎಂದಷ್ಟೇ ಕರೆದರು.

ಈ ಬೀಗತನ ಬಾಳಿದ್ದು ಏಳೇ ವರ್ಷ. ಹೈದರ್ 1782ರಲ್ಲಿ ತೀರಿಕೊಂಡರು. ಟಿಪ್ಪು ಸುಲ್ತಾನರು ಬಾಕಿ ಹಣಕ್ಕಾಗಿ ಒತ್ತಾಯಿಸಿದಾಗ, ಅಷ್ಟೊಂದು ಹಣ ಹೊಂದಿಸಲಾಗದ ನವಾಬರು ಮರಾಠರ ಕಡೆ ವಾಲಿದರು. ಮೂವತ್ತು ವರ್ಷಗಳ ಹಿಂದೆ ತಮ್ಮ ಊರಿಗೆ ಗುಂಡು ಹಾರಿಸಿದವರ ಕಡೆಗೇ! 1786ರಲ್ಲಿ ಸವಣೂರಿನ ಬಳಿ ಬೀಡುಬಿಟ್ಟಿದ್ದ ಮರಾಠ-ನಿಜಾಮ ಸೈನ್ಯದ ಮೇಲೆ ಟಿಪ್ಪು ರಾತ್ರಿ ಎರಗಿದರು. ನವಾಬರು ಮರಾಠರೊಂದಿಗೆ ಊರು ಬಿಟ್ಟರು. ಟಿಪ್ಪು ಸವಣೂರನ್ನು ಹೊಕ್ಕರು. ಅಣ್ಣನೇ ಗಂಡನ ಮನೆತನವನ್ನು ಊರಿನಿಂದ ಹೊರಡಿಸಿದಾಗ ತಂಗಿಯ ಪಾಡು ಏನಾಗಿದ್ದೀತು, ಸಹೋದರಿಯರೇ? ಮದುವೆಯಿಂದ ರಾಜ್ಯ ಉಳಿಸಿಕೊಳ್ಳಬಹುದೆಂಬ ಲೆಕ್ಕಾಚಾರದ ಬೆಲೆ ತೆತ್ತವರಲ್ಲಿ ಅವಳೂ ಒಬ್ಬಳೆಂದೇ ನನಗನಿಸುತ್ತದೆ.

ಇಷ್ಟೆಲ್ಲಾ ಗದ್ದಲದ ನಡುವೆಯೂ ಸವಣೂರಿನಲ್ಲಿ ಬೇರೊಂದು ಬದುಕು ನಡೆದೇ ಇತ್ತು. ಉತ್ತರಾದಿ ಮಠದ ಶ್ರೀ ಸತ್ಯಬೋಧ ತೀರ್ಥರು ನವಾಬರ ಈ ಊರಿನಲ್ಲೇ ನೆಲೆಸಿದ್ದು, 1783ರಲ್ಲಿ ಇಲ್ಲೇ ಬೃಂದಾವನಸ್ಥರಾದರು. ನವಾಬರ ಆಳ್ವಿಕೆ ಇನ್ನೂ ಇದ್ದಾಗಲೇ, 1909ರಲ್ಲಿ, ಮುಂದೆ ಜ್ಞಾನಪೀಠ ಪಡೆದ ವಿ. ಕೃ. ಗೋಕಾಕರು ಹುಟ್ಟಿದ್ದೂ ಇಲ್ಲಿಯೇ.

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಮರಾಠ ಒಕ್ಕೂಟ ಮುರಿದುಬಿತ್ತು. ಟಿಪ್ಪು ಅದಕ್ಕೂ ಮೊದಲೇ, 1799ರಲ್ಲಿ, ಹುತಾತ್ಮರಾಗಿದ್ದರು. ಅವರಿಬ್ಬರ ನಡುವೆ ಸಿಕ್ಕಿ ನಲುಗಿದ ಸವಣೂರು ಮಾತ್ರ ಸುಮಾರು 70 ಚದರ ಮೈಲಿಯ ನೆಲ ಹಿಡಿದುಕೊಂಡು ಬ್ರಿಟಿಷರ ಅಧೀನದಲ್ಲಿ ಉಳಿಯಿತು. 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಹದಿನೆಂಟು ಸಾವಿರದಷ್ಟಿತ್ತು. ಕೊನೆಯ ನವಾಬರ ಹೆಸರೂ ಅಬ್ದುಲ್ ಮಜೀದ್ ಖಾನ್ ಎಂದೇ. ಅವರ ಕಾಲದಲ್ಲಿ, 1948ರಲ್ಲಿ, ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ಧಾರವಾಡ ಜಿಲ್ಲೆಗೆ ಸೇರಿತು. 1997ರಲ್ಲಿ ಹೊಸ ಹಾವೇರಿ ಜಿಲ್ಲೆಯಾದಾಗ ಸವಣೂರು ಅದರ ಒಂದು ತಾಲೂಕಾಯಿತು.