ಕ್ಸೆನಾನ್ ಹೆಡ್‌ಲೈಟ್: ಪ್ರಖರ ಬಲ್ಬಿನ ಆಯ್ಕೆ

1991ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು ತನ್ನ 7 ಸರಣಿಯ ಕಾರಿಗೆ ಟಂಗ್‌ಸ್ಟನ್ ತಂತಿಯೇ ಇಲ್ಲದ ಹೆಡ್‌ಲೈಟ್ ಬಲ್ಬನ್ನು ಅಳವಡಿಸಿತು. ಅನಿಲದೊಳಗೆ ವಿದ್ಯುತ್ತನ್ನು ಹಾಯಿಸಿ ತೀವ್ರವಾದ ಬೆಳಕನ್ನು ಪಡೆಯುವ ಈ ಬಗೆಯ ದೀಪಕ್ಕೆ ತಾಂತ್ರಿಕವಾಗಿ ಎಚ್‌ಐಡಿ ಎಂಬ ಹೆಸರಿದ್ದರೂ, ಅದರಲ್ಲಿ ತುಂಬಿರುವ ಅನಿಲದ ಕಾರಣದಿಂದ ಕ್ಸೆನಾನ್ ದೀಪವೆಂದೇ ಅದು ಬಳಕೆಗೆ ಬಂದಿದೆ. ಹೊಸ ಕಾರುಗಳಲ್ಲಿ ಈಗ ಎಲ್‌ಇಡಿ ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆಯಾದರೂ, ಒಂದು ದಶಕದ ಹಿಂದಿನ ದುಬಾರಿ ಕಾರುಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಮತ್ತು ಹ್ಯಾಲೊಜನ್ ದೀಪದ ಮಂದ ಬೆಳಕಿನಿಂದ ಬೇಸತ್ತವರಿಗೆ, ಅತ್ಯಂತ ಪ್ರಖರವಾದ ಕ್ಸೆನಾನ್ ಬಲ್ಬ್ ಯಾವುದೆಂಬ ಪ್ರಶ್ನೆ ಇಂದಿಗೂ ಎದುರಾಗುತ್ತದೆ.

ಈ ಬಲ್ಬಿನ ಒಡಲಲ್ಲಿ ಸ್ಫಟಿಕಗಾಜಿನ ಪುಟ್ಟ ಕೋಶವೊಂದಿದ್ದು, ಅದರೊಳಗೆ ಸುಮಾರು 4 ಮಿಲಿಮೀಟರ್ ಅಂತರದಲ್ಲಿ ಎರಡು ಟಂಗ್‌ಸ್ಟನ್ ಮೊನೆಗಳು ಪರಸ್ಪರ ಎದುರಾಗಿರುತ್ತವೆ. ಕಾರಿನ ಬ್ಯಾಟರಿ ಕೊಡುವ 12 ವೋಲ್ಟ್ ಈ ಅಂತರವನ್ನು ದಾಟಲು ಏನೇನೂ ಸಾಲದಾದ್ದರಿಂದ, ಬ್ಯಾಲಾಸ್ಟ್ ಎಂಬ ನಿಯಂತ್ರಕವೂ ಇಗ್ನೈಟರ್ ಎಂಬ ಕಿಡಿಸಾಧನವೂ ಸೇರಿ ಕ್ಷಣಕಾಲ 20 ಸಾವಿರ ವೋಲ್ಟಿಗೂ ಮಿಗಿಲಾದ ಒತ್ತಡವನ್ನು ಹುಟ್ಟಿಸುತ್ತವೆ. ಆಗ ಮೊನೆಗಳ ನಡುವೆ ವಿದ್ಯುತ್ ಚಾಪವೇರ್ಪಟ್ಟು ಕ್ಸೆನಾನ್ ಅನಿಲವು ಒಡನೆಯೇ ಬೆಳಗುತ್ತದೆ. ಆ ಬಿಸಿಗೆ ಕೋಶದೊಳಗಿನ ಲೋಹಲವಣಗಳು ಆವಿಯಾದ ಮೇಲಷ್ಟೇ ಪೂರ್ಣ ಪ್ರಮಾಣದ ಬೆಳಕು ಹೊಮ್ಮುವುದರಿಂದ, ದೀಪ ಹೊತ್ತಿಸಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಅದರ ಬಣ್ಣ ಬದಲಾಗುತ್ತಾ ಹೋಗುವುದು ಕಾಣುತ್ತದೆ. 55 ವ್ಯಾಟಿನ ಎಚ್7 ಹ್ಯಾಲೊಜನ್ ಬಲ್ಬು ಸುಮಾರು 1500 ಲುಮೆನ್, ಅಂದರೆ ಬಲ್ಬಿನಿಂದ ಎಲ್ಲ ದಿಕ್ಕಿಗೂ ಹೊರಬೀಳುವ ಒಟ್ಟು ಬೆಳಕಿನ ಅಳತೆಯಲ್ಲಿ ಅಷ್ಟನ್ನು ಕೊಟ್ಟರೆ, ಕೇವಲ 35 ವ್ಯಾಟಿನ ಕ್ಸೆನಾನ್ ಬಲ್ಬು ಸುಮಾರು 3200 ಲುಮೆನ್ ಕೊಡುತ್ತದೆ.

ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದುದು ಬಲ್ಬಿನ ಬುಡದಲ್ಲಿ ಅಚ್ಚಾಗಿರುವ ಸಂಕೇತ. ಡಿ1ರಿಂದ ಡಿ4ರವರೆಗಿನ ಸಾಮಾನ್ಯ ಬಗೆಗಳಲ್ಲಿ ಡಿ1 ಮತ್ತು ಡಿ3ಕ್ಕೆ ಇಗ್ನೈಟರ್ ಬಲ್ಬಿಗೇ ಅಂಟಿಕೊಂಡಿದ್ದರೆ, ಡಿ2 ಮತ್ತು ಡಿ4ಕ್ಕೆ ಅದು ಬೇರೆಯಾಗಿರುತ್ತದೆ. ಡಿ1 ಮತ್ತು ಡಿ2ರಲ್ಲಿ ಪಾದರಸವಿದ್ದು ಅವು ಸುಮಾರು 85 ವೋಲ್ಟಿನಲ್ಲಿ ಉರಿಯುತ್ತವೆ; ಪಾದರಸವಿಲ್ಲದ ಡಿ3 ಮತ್ತು ಡಿ4 ಸುಮಾರು 42 ವೋಲ್ಟಿನಲ್ಲಿ ಉರಿಯುವುದರಿಂದ, ಒಂದಕ್ಕೆಂದು ತಯಾರಾದ ಬ್ಯಾಲಾಸ್ಟಿಗೆ ಇನ್ನೊಂದನ್ನು ಜೋಡಿಸಲಾಗದು. ಸಂಕೇತದ ಕೊನೆಯಲ್ಲಿ ಎಸ್ ಅಕ್ಷರವಿದ್ದರೆ ಅದು ಮಸೂರದ ಮೂಲಕ ಬೆಳಕನ್ನು ಹಾಯಿಸುವ ಪ್ರೊಜೆಕ್ಟರ್ ದೀಪಕ್ಕೆ, ಆರ್ ಇದ್ದರೆ ಕನ್ನಡಿಯಂತಹ ಬಟ್ಟಲಿನಿಂದ ಬೆಳಕನ್ನು ಪ್ರತಿಫಲಿಸುವ ರಿಫ್ಲೆಕ್ಟರ್ ದೀಪಕ್ಕೆ ಮೀಸಲು. ಆರ್ ಬಲ್ಬಿನ ಗಾಜಿಗೆ ಬೇಡದ ಬೆಳಕನ್ನು ತಡೆಯುವ ಕಪ್ಪು ಪಟ್ಟಿ ಬಳಿದಿರುವುದರಿಂದ ಅದರ ಬೆಳಕು 2800 ಲುಮೆನ್‌ಗೆ ಇಳಿಯುತ್ತದೆಯೆಂಬ ಕಾರಣಕ್ಕೆ ಅದರ ಜಾಗದಲ್ಲಿ ಎಸ್ ಬಲ್ಬನ್ನು ತುರುಕಿದರೆ, ಹೆಚ್ಚಾದ ಬೆಳಕು ನೇರವಾಗಿ ಎದುರು ಚಾಲಕನ ಕಣ್ಣಿಗೆ ಹೋಗುತ್ತದೆ.

ವಿಶ್ವಸಂಸ್ಥೆಯ ವಾಹನ ನಿಯಮಗಳು ಡಿ2ಎಸ್ ಬಲ್ಬಿಗೆ 3200 ಲುಮೆನ್ ನಿಗದಿಪಡಿಸಿ, ಅದಕ್ಕಿಂತ 450 ಲುಮೆನ್‌ನಷ್ಟು ಹೆಚ್ಚು ಕಡಿಮೆಯಾಗಲು ಮಾತ್ರ ಅವಕಾಶ ನೀಡಿವೆ. ಆದ್ದರಿಂದ ಮಾನ್ಯತೆ ಪಡೆದ ಬಲ್ಬುಗಳ ನಡುವೆ ಪ್ರಖರತೆಯ ಪವಾಡವೇನೂ ಸಾಧ್ಯವಿಲ್ಲ. ಪೆಟ್ಟಿಗೆಯ ಮೇಲೆ ಶೇಕಡಾ 150 ಅಥವಾ 200ರಷ್ಟು ಅಧಿಕ ಬೆಳಕು ಎಂದು ಬರೆದಿರುವುದು ಸಾಮಾನ್ಯವಾಗಿ ಕಾನೂನು ವಿಧಿಸಿದ ಕನಿಷ್ಠ ಮಟ್ಟಕ್ಕೆ ಹೋಲಿಸಿ, ರಸ್ತೆಯ ಕೆಲವೇ ಬಿಂದುಗಳಲ್ಲಿ ಅಳೆದ ಲೆಕ್ಕವೇ ಹೊರತು, ಕಾರಿನಲ್ಲಿ ಈಗಾಗಲೇ ಇರುವ ಬಲ್ಬಿಗೆ ಹೋಲಿಸಿದ್ದಲ್ಲ. ಇಂತಹ ಬಲ್ಬುಗಳು ದೂರದ ಬೆಳಕನ್ನು ತಕ್ಕಮಟ್ಟಿಗೆ ಹೆಚ್ಚಿಸುವುದು ನಿಜವಾದರೂ, ದೂರ ಇಮ್ಮಡಿಯಾದರೆ ಅಲ್ಲಿ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗುವುದರಿಂದ, ಬೆಳಕು ಶೇಕಡಾ 20ರಷ್ಟು ಹೆಚ್ಚಿದರೂ ಅದು ಮುಟ್ಟುವ ದೂರ ಹೆಚ್ಚುವುದು ಶೇಕಡಾ 10ಕ್ಕಿಂತಲೂ ಕಡಿಮೆ.

ಬೆಳಕಿನ ಬಣ್ಣವನ್ನು ಸೂಚಿಸುವ ಕೆಲ್ವಿನ್ ಸಂಖ್ಯೆಯನ್ನು ಪ್ರಖರತೆಯ ಅಳತೆಯೆಂದು ಭಾವಿಸುವುದು ಬಹಳ ಸಾಮಾನ್ಯವಾದ ತಪ್ಪು, ಅಂಗಡಿಯವರು ತಿದ್ದಲು ಅಷ್ಟಾಗಿ ಆಸಕ್ತಿ ತೋರದ ತಪ್ಪೂ ಹೌದು. ಕಾರು ತಯಾರಕರು ಅಳವಡಿಸುವ ಬಲ್ಬುಗಳು ಸುಮಾರು 4300 ಕೆಲ್ವಿನ್ ಆಸುಪಾಸಿನಲ್ಲಿದ್ದು, ಅವುಗಳ ಬೆಳಕು ಬಿಳಿಯಾಗಿ, ತುಸು ಹಳದಿಯ ಕಡೆಗೆ ವಾಲಿದಂತೆ ಕಾಣುತ್ತದೆ. ಸಂಖ್ಯೆಯು 6000 ಅಥವಾ 8000ಕ್ಕೆ ಏರಿದಂತೆ ಬೆಳಕು ನೀಲಿಗಟ್ಟುತ್ತದೆ, ಲುಮೆನ್ ಇಳಿಯುತ್ತದೆ. ನೀಲಿ ಬೆಳಕು ಎದುರಿನವರಿಗೆ ಹೆಚ್ಚು ಕಿರಿಕಿರಿಯನ್ನೂ ಉಂಟುಮಾಡುವುದರಿಂದ, ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಕಾರು ಓಡಿಸಬೇಕಾದವರಿಗೆ ಅದು ಶೋಭೆಯ ಹೊರತು ಬೇರಾವ ಪ್ರಯೋಜನವನ್ನೂ ಕೊಡದು.

ಹ್ಯಾಲೊಜನ್ ಬಲ್ಬಿಗೆಂದು ರೂಪಿಸಿದ ಹೆಡ್‌ಲೈಟಿಗೆ ಕ್ಸೆನಾನ್ ಕಿಟ್ ಹಾಕಿಸುವ ರೂಢಿಯಂತೂ ಇನ್ನೂ ಹೆಚ್ಚು ಆಕ್ಷೇಪಾರ್ಹವಾದುದು. ಹೆಡ್‌ಲೈಟಿನ ಬಟ್ಟಲಿನ ಒಂದೊಂದು ಬಾಗೂ ಹ್ಯಾಲೊಜನ್ ಬಲ್ಬಿನ ತಂತಿ ಇರುವ ಜಾಗ ಮತ್ತು ಆಕಾರಗಳನ್ನು ಲೆಕ್ಕಹಾಕಿ ರೂಪುಗೊಂಡಿರುತ್ತದೆ. ಆ ಜಾಗದಲ್ಲಿ ಬೇರೆ ಆಕಾರದ, ಬೇರೆ ಹಂಚಿಕೆಯ ಚಾಪ ಬೆಳಗತೊಡಗಿದರೆ ಬೆಳಕಿನ ಮೇಲಂಚು ಕಲಸಿಹೋಗಿ, ದೀಪವನ್ನು ಡಿಪ್ ಮಾಡಿದಾಗಲೂ ಎದುರಿನವರ ಕಣ್ಣು ಕೋರೈಸುತ್ತದೆ. ಕಾರಿನ ಮುಂದಿನ ಹತ್ತು ಹದಿನೈದು ಅಡಿಗಳಲ್ಲಿ ಸುರಿಯುವ ಅತಿಯಾದ ಬೆಳಕಿಗೆ ಚಾಲಕನ ಕಣ್ಣಿನ ಪಾಪೆಯೂ ಕಿರಿದಾಗುವುದರಿಂದ, ರಸ್ತೆ ಬೆಳಗಿದಂತೆ ತೋರಿದರೂ ದೂರದಲ್ಲಿ ನಿಂತ ಎಮ್ಮೆಯಾಗಲಿ ದೀಪವಿಲ್ಲದ ಎತ್ತಿನ ಗಾಡಿಯಾಗಲಿ ಮೊದಲಿಗಿಂತ ತಡವಾಗಿ ಕಾಣಬಹುದು. 55 ವ್ಯಾಟಿನ ಕಿಟ್‌ಗಳು ಇದರ ಜತೆಗೆ ಹೆಡ್‌ಲೈಟಿನೊಳಗಿನ ಹೊಳಪುಲೇಪವನ್ನೂ ಸುಡಬಲ್ಲವು. 2000 ಲುಮೆನ್ ಮೀರಿದ ಬಲ್ಬುಗಳಿರುವ ಡಿಪ್ ದೀಪಗಳಿಗೆ ವಿಶ್ವಸಂಸ್ಥೆಯ ನಿಯಮಗಳು, ಹಿಂಬದಿಯ ಭಾರಕ್ಕೆ ತಕ್ಕಂತೆ ದೀಪವನ್ನು ತಾನಾಗಿಯೇ ತಗ್ಗಿಸುವ ಏರ್ಪಾಡನ್ನೂ ಗಾಜು ತೊಳೆಯುವ ನೀರಿನ ಚಿಮ್ಮುಗವನ್ನೂ ಕಡ್ಡಾಯಗೊಳಿಸಿದ್ದು ಈ ಕೋರೈಸುವಿಕೆಯ ಭಯದಿಂದಲೇ. ಆ ವೆಚ್ಚವನ್ನು ತಪ್ಪಿಸಲೆಂದೇ ಸರಿಯಾಗಿ 2000 ಲುಮೆನ್ ಕೊಡುವ 25 ವ್ಯಾಟಿನ ಡಿ5ಎಸ್ ಮತ್ತು ಡಿ8ಎಸ್ ಬಲ್ಬುಗಳು ಹುಟ್ಟಿಕೊಂಡವು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದ್ದಕ್ಕೂ ಕಾರಣ ಇಂತಹ ದೀಪಗಳ ಹಾವಳಿಯೇ.

ಮೂಲತಃ ಕ್ಸೆನಾನ್ ದೀಪವಿರುವ ಕಾರಿನಲ್ಲಿ ಬೆಳಕು ಮಂಕಾಗಿದ್ದರೆ ಅದಕ್ಕೆ ಬಹುತೇಕ ಕಾರಣ ವಯಸ್ಸು. ಈ ಬಲ್ಬುಗಳು ಹ್ಯಾಲೊಜನ್‌ನಂತೆ ಒಮ್ಮೆಗೇ ಹೋಗುವುದಕ್ಕಿಂತ ಹೆಚ್ಚಾಗಿ ವರ್ಷಗಳ ಕಾಲ ಸವೆಯುತ್ತಾ, ಬಣ್ಣವನ್ನೂ ಬದಲಿಸುತ್ತಾ ಹೋಗುವುದರಿಂದ, ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು. ಅದಕ್ಕೂ ಮೊದಲು ಬಿಸಿಲಿಗೆ ಹಳದಿಗಟ್ಟಿದ ಪಾಲಿಕಾರ್ಬೊನೇಟ್ ಹೊದಿಕೆಯನ್ನು ಪಾಲಿಶ್ ಮಾಡಿಸಿ ನೋಡಿದರೆ, ಹಲವು ವೇಳೆ ಹೊಸ ಬಲ್ಬಿನ ಅಗತ್ಯವೇ ಬೀಳದು. ದೀಪದ ಕೋನವನ್ನೂ ಪರೀಕ್ಷಿಸಬೇಕು: ಹಲವು ಕಾರುಗಳಲ್ಲಿ ಅದು ಶೇಕಡಾ 1ರ ಇಳಿಜಾರು, ಅಂದರೆ 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಅಂಚು ದೀಪದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿರಬೇಕು. ಬಲಗಡೆ ಸಂಚಾರವಿರುವ ದೇಶದಿಂದ ಬಂದ ಹೆಡ್‌ಲೈಟಿನಲ್ಲಿ ಬೆಳಕಿನ ಅಂಚು ಬಲಕ್ಕೆ ಮೇಲೇರುವುದರಿಂದ, ಅದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಭಾರತದ ರಸ್ತೆಗೆ ಸಲ್ಲದು.

ಹೀಗಾಗಿ ಕೊಳ್ಳುವವರು ಹಳೆಯ ಬಲ್ಬಿನ ಸಂಕೇತವನ್ನೇ ಹೊಂದಿದ, ವೃತ್ತದೊಳಗೆ ಇ ಎಂಬ ಮಾನ್ಯತೆಯ ಮುದ್ರೆಯಿರುವ, 4300 ಕೆಲ್ವಿನ್ ಸುತ್ತಲಿನ ಜೋಡಿಯನ್ನು ಪರಿಚಿತ ತಯಾರಕರಿಂದ ಆರಿಸಿಕೊಳ್ಳಬೇಕು. ಬದಲಿಸುವ ಕೆಲಸದಲ್ಲಿ ಅಪಾಯಕಾರಿಯಾದ ವಿದ್ಯುದೊತ್ತಡ ಇರುವುದರಿಂದ ಅದನ್ನು ಬಲ್ಲ ಮೆಕ್ಯಾನಿಕ್‌ಗೆ ಬಿಡುವುದು ಕ್ಷೇಮ. ತೆಗೆದ ಡಿ1 ಮತ್ತು ಡಿ2 ಬಲ್ಬುಗಳಲ್ಲಿ ಪಾದರಸವಿರುವುದರಿಂದ ಅವುಗಳನ್ನು ಮನೆಯ ಕಸದ ಬುಟ್ಟಿಗೆ ಎಸೆಯದೆ, ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು.